ಬೈಲಹೊಂಗಲ ಸೀಮೆಯ ಮೆಥೊಡಿಸ್ಟ್ ಸಭೆ: ಹೆಸರೂ ಮೂಲವೂ

ಮಲಪ್ರಭಾ ನದಿಯ ಎಡಬಲಗಳಲ್ಲಿ ಹಬ್ಬಿರುವ ಬೈಲಹೊಂಗಲ, ಸಂಪಗಾವಿ, ಕಿತ್ತೂರು, ಸವದತ್ತಿಗಳ ನೆಲವು ಮತಗಳ ಬರವಿಗೆ ಹೊಸದಲ್ಲ. ರಟ್ಟರು ಸುಗಂಧವರ್ತಿಯಲ್ಲಿ ಜಿನಾಲಯಗಳನ್ನು ಕಟ್ಟಿಸಿ ಭೂದಾನ ಮಾಡಿದುದು ಶಾಸನಸಿದ್ಧವಾದ ವಿಷಯ. ಆಮೇಲೆ ವೀರಶೈವವು ಈ ಸೀಮೆಯ ಊರೂರುಗಳಲ್ಲಿ ಮಠಗಳನ್ನು ನಿಲ್ಲಿಸಿತು. ಎಲ್ಲಮ್ಮನ ಗುಡ್ಡಕ್ಕೆ ನಾಲ್ಕು ದಿಕ್ಕಿನ ಜನರು ಬರುವ ಪದ್ಧತಿಯು ಇವೆಲ್ಲವನ್ನೂ ದಾಟಿ ನಡೆದುಬಂದಿತು. ಈ ಸಾಲಿನಲ್ಲಿ ಕಡೆಯದಾಗಿ ಬಂದುದು ಕ್ರೈಸ್ತಮತ. ಇದಕ್ಕೆ ಶಿಲಾಶಾಸನವಿಲ್ಲ, ತಾಮ್ರಪಟವಿಲ್ಲ. ಊರ ಹೊರಗಿನ ಕೇರಿಯಲ್ಲಿ ಒಂದು ಸಣ್ಣ ಪ್ರಾರ್ಥನಾಮಂದಿರ, ಅದರಲ್ಲಿ ಒಂದು ದೀಕ್ಷಾಸ್ನಾನದ ದಾಖಲೆ ಪುಸ್ತಕ, ಇಷ್ಟೇ ಇದರ ಸಾಮಗ್ರಿ. ಆದುದರಿಂದಲೇ ನಮ್ಮ ಇತಿಹಾಸಲೇಖಕರು ಇದನ್ನು ಕಣ್ಣೆತ್ತಿ ನೋಡದೆ ಬಿಟ್ಟಿರುವರು. ನೋಡಿದವರಾದರೂ "ಅಮೆರಿಕದ ಪಾದ್ರಿಗಳು ಬಂದರು, ಸಭೆ ಕಟ್ಟಿದರು" ಎಂದು ಒಂದು ವಾಕ್ಯದಲ್ಲಿ ಮುಗಿಸುವರು. ಈ ಮಾತು ಅರ್ಧಸತ್ಯ. ಬೈಲಹೊಂಗಲ ಸೀಮೆಯ ಸಭೆಯ ಹೆಸರು ಅಮೆರಿಕದ ದಾರಿಯಿಂದ ಬಂದುದು ನಿಜ. ಆದರೆ ಹೆಸರು ಬರುವುದಕ್ಕೆ ಎಂಬತ್ತುನಾಲ್ಕು ವರ್ಷಗಳ ಮೊದಲೇ ಅದರ ಬೇರು ಬೆಳಗಾವಿಯಲ್ಲಿ ಇಳಿದಿದ್ದಿತು. ಅದರ ನುಡಿಯು ಬಳ್ಳಾರಿಯಲ್ಲಿಯೂ ಧಾರವಾಡ-ಮಂಗಳೂರುಗಳಲ್ಲಿಯೂ ರೂಪುಗೊಂಡಿದ್ದಿತು.

ಮೊದಲು ಹೆಸರನ್ನು ನೋಡಬಹುದು. ಕ್ರಿ. ಶ. ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಆಕ್ಸ್‌ಫರ್ಡಿನ ವಿದ್ಯಾಪೀಠದಲ್ಲಿ ಜಾನ್ ವೆಸ್ಲಿ, ಚಾರ್ಲ್ಸ್ ವೆಸ್ಲಿ ಎಂಬ ಸಹೋದರರೂ ಅವರ ಗೆಳೆಯರೂ ಇಂತಿಂಥ ಹೊತ್ತಿಗೆ ಪ್ರಾರ್ಥನೆ, ಇಂತಿಂಥ ದಿನ ಉಪವಾಸ, ಇಂತಿಂಥ ದಿನ ಸೆರೆಯಾಳುಗಳ ಭೇಟಿ ಎಂದು ಕಟ್ಟುನಿಟ್ಟಾಗಿ ನಡೆಯುತ್ತಿದ್ದರು. ಅದನ್ನು ಕಂಡ ಇತರ ವಿದ್ಯಾರ್ಥಿಗಳು ಪರಿಹಾಸಕ್ಕಾಗಿ ಇವರನ್ನು 'ಮೆಥೊಡಿಸ್ಟರು' ಎಂದು ಕರೆದರು. ಗ್ರೀಕ್ ಭಾಷೆಯಲ್ಲಿ 'ಮೆತಾ' ಎಂದರೆ ಅನುಸರಿಸಿ, 'ಹೊದೊಸ್' ಎಂದರೆ ದಾರಿ. ಎರಡೂ ಕೂಡಿ 'ಮೆಥೊದೊಸ್' ಆಯಿತು. ನಮ್ಮ 'ಪದ್ಧತಿ' ಶಬ್ದವೂ ಹೀಗೆಯೇ ಹುಟ್ಟಿದುದು: ಪದ್ ಎಂದರೆ ಕಾಲು, ಹತಿ ಎಂದರೆ ತುಳಿತ, ಕಾಲಿನಿಂದ ತುಳಿಯಲ್ಪಟ್ಟ ದಾರಿಯೇ ಪದ್ಧತಿ. ಹಾಗಾದರೆ ಮೆಥೊಡಿಸ್ಟರನ್ನು 'ಪದ್ಧತಿಯವರು' ಎಂದರೆ ಅರ್ಥಕ್ಕೂ ನಿರುಕ್ತಿಗೂ ಲೋಪ ಬಾರದು. ಪರಿಹಾಸದ ಹೆಸರನ್ನು ಅವರು ಬಿಡದೆ ಇಟ್ಟುಕೊಂಡರು. ವೆಸ್ಲಿಯು 1791ರಲ್ಲಿ ತೀರಿಕೊಳ್ಳುವವರೆಗೂ ಇಂಗ್ಲೆಂಡಿನ ರಾಜಸಭೆಯ ಪುರೋಹಿತನಾಗಿಯೇ ಉಳಿದನು. ಆದರೆ ಅಮೆರಿಕದಲ್ಲಿ ಅವನ ಅನುಯಾಯಿಗಳು 1784ರಲ್ಲಿಯೇ ಬಾಲ್ಟಿಮೋರ್ ನಗರದಲ್ಲಿ ಕೂಡಿ ಬಿಷಪರುಳ್ಳ ಬೇರೊಂದು ಸಭೆಯನ್ನು ಸ್ಥಾಪಿಸಿದರು. ಹೀಗೆ ಒಂದೇ ಬೇರಿನಿಂದ ಎರಡು ಟಿಸಿಲುಗಳಾದುವು. ಕರ್ನಾಟಕಕ್ಕೆ ಎರಡೂ ಬಂದುವು, ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ಸೀಮೆಗಳಿಗೆ. ಇವನ್ನು ಒಂದೆಂದು ಭಾವಿಸಿ ಬರೆದುದರಿಂದ ಆಗಿರುವ ಗೊಂದಲವು ಸ್ವಲ್ಪದ್ದಲ್ಲ.

ಆದರೆ ಬೆಳಗಾವಿಗೆ ಮೊದಲು ಬಂದವರು ಈ ಎರಡು ಶಾಖೆಗಳವರೂ ಅಲ್ಲ. 1795ರಲ್ಲಿ ಸ್ಥಾಪಿತವಾದ ಲಂಡನ್ ಮಿಶನ್ ಎಂಬ ಸಂಘದ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ನೆಲೆಸಿ ಕನ್ನಡ ಕಲಿಯತೊಡಗಿದನು. 1818ರ ಏಪ್ರಿಲ್ ತಿಂಗಳಲ್ಲಿ ಬೆಳಗಾವಿಯ ಕೋಟೆಯು ಪೇಶವೆಯ ಕೈಯಿಂದ ಇಂಗ್ಲಿಷರ ಕೈ ಸೇರಿತು. ಊರು ದಂಡಿನ ನೆಲೆಯಾಯಿತು. ಎರಡೇ ವರ್ಷಗಳಲ್ಲಿ, 1820ರಲ್ಲಿ, ಬಳ್ಳಾರಿಯ ಮಿಶನ್ನಿನಿಂದ ಜೋಸೆಫ್ ಟೇಲರ್ ಬೆಳಗಾವಿಗೆ ಬಂದು ಕೆಲಸ ತೊಡಗಿದನು. ಬೈಲಹೊಂಗಲದ ಸಭೆಯ ವಂಶಾವಳಿಯನ್ನು ಬರೆಯುವುದಾದರೆ ಈ ವರ್ಷದಿಂದ ಬರೆಯತಕ್ಕದ್ದು.

ಆ ಕಾಲವು ಈ ಸೀಮೆಯಲ್ಲಿ ಎಂಥದೆಂಬುದನ್ನು ಮರೆಯಬಾರದು. 1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆಯು ಹತನಾದನು. ಡಿಸೆಂಬರದಲ್ಲಿ ಕಿತ್ತೂರು ಬಿದ್ದಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದು 1829ರಲ್ಲಿ ಅಲ್ಲಿಯೇ ದೇಹ ಬಿಟ್ಟಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಇದೇ ಹತ್ತು ವರ್ಷಗಳಲ್ಲಿ ಟೇಲರನು ಬೆಳಗಾವಿಯಲ್ಲಿ ಉಪದೇಶ ಮಾಡುತ್ತಿದ್ದನು. ಬಿಳಿಯ ಪಾದ್ರಿಗೂ ಬಿಳಿಯ ಸರಕಾರಕ್ಕೂ ಭೇದವುಂಟೆಂದು ರಾಣಿಯನ್ನು ಕಳೆದುಕೊಂಡ ಬೈಲಹೊಂಗಲದ ರೈತನಿಗೆ ತಿಳಿಸಿ ಹೇಳುವುದು ಸುಲಭವಾಗಿರಲಾರದು. ಭೇದವಿದ್ದುದಂತೂ ಸತ್ಯ. 1813ರ ಸನದಿನವರೆಗೆ ಕಂಪನಿ ಸರಕಾರವು ಮಿಶನರಿಗಳನ್ನು ತನ್ನ ನೆಲದಲ್ಲಿ ಸೇರಿಸುವುದಕ್ಕೇ ಹಿಂಜರಿಯುತ್ತಿದ್ದಿತು. ಆದರೆ ರಾಜ್ಯ ಹೋದವರ ಕಣ್ಣಿಗೆ ಇಂಥ ಸೂಕ್ಷ್ಮಗಳು ಕಾಣುವುದಿಲ್ಲ; ಕಾಣಬೇಕೆಂದು ಕೇಳುವುದೂ ನ್ಯಾಯವಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿ ವಿಚಾರಿಸಬೇಕು. ಬೈಲಹೊಂಗಲವು ಬೆಳಗಾವಿಗೆ ಎಷ್ಟು ದೂರವೋ ಧಾರವಾಡಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ; ಕಿತ್ತೂರು ಧಾರವಾಡಕ್ಕೇ ಹತ್ತಿರ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಘಟ್ಟ ಹತ್ತಿ 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ 1841ರಲ್ಲಿ ಗದಗಿನ ಬಳಿಯ ಬೆಟಗೇರಿಯಲ್ಲಿಯೂ ನೆಲೆ ಮಾಡಿದರು. ಹೀಗಿರಲು ಬೈಲಹೊಂಗಲ ಸೀಮೆಯು ಅವರ ಪಾಲಿಗೆ ಬಾರದೆ ಬೆಳಗಾವಿಯವರ ಪಾಲಿಗೆ ಬಂದುದೇಕೆ? ಇದರ ಉತ್ತರವನ್ನು ಧರ್ಮಶಾಸ್ತ್ರದಲ್ಲಿ ಹುಡುಕುವುದಕ್ಕಿಂತ ಕಂದಾಯದ ಕಾಗದಗಳಲ್ಲಿ ಹುಡುಕುವುದು ಮೇಲು. ಮೊದಲು ಇದೆಲ್ಲವೂ ಧಾರವಾಡದ ಕಲೆಕ್ಟರನ ಅಧೀನವಿದ್ದಿತು. 1836ರಲ್ಲಿ ಅದನ್ನು ಒಡೆದು ಬೆಳಗಾವಿಯನ್ನು ಬೇರೆ ಜಿಲ್ಲೆಯಾಗಿ ಮಾಡಿದರು. ಸಂಪಗಾವಿ ತಾಲೂಕೆಂದು ಆಗ ಕರೆಯಲ್ಪಡುತ್ತಿದ್ದ ಈ ಸೀಮೆಯು ಬೆಳಗಾವಿಗೆ ಸೇರಿತು. ಜರ್ಮನ್ ಪಾದ್ರಿಗಳು ಧಾರವಾಡಕ್ಕೆ ಬಂದುದು ಇದರ ಮಾರನೆಯ ವರ್ಷ. ಒಂದು ಮಿಶನ್ನಿನವರು ಕೆಲಸ ಮಾಡುವ ನೆಲದಲ್ಲಿ ಇನ್ನೊಬ್ಬರು ಕಾಲಿಡಬಾರದೆಂಬ ಮರ್ಯಾದೆಯನ್ನು ಅವರು ತಮ್ಮತಮ್ಮಲ್ಲಿ ಪಾಲಿಸುತ್ತಿದ್ದರು. ಆದುದರಿಂದ ಜಿಲ್ಲೆಯ ಎಲ್ಲೆಯೇ ಸಭೆಯ ಎಲ್ಲೆಯೂ ಆಯಿತೆಂದು ಊಹಿಸುವುದು ಯುಕ್ತವಾಗಿದೆ. ಕಲೆಕ್ಟರನ ಕಚೇರಿಯಲ್ಲಿ ಎಳೆದ ಒಂದು ಗೆರೆಯಿಂದ ಈ ಊರುಗಳ ಕ್ರೈಸ್ತರು ಇಂದಿಗೂ ಧಾರವಾಡದ ಕ್ರೈಸ್ತರಿಂದ ಬೇರೆ ಸಭೆಯವರಾಗಿದ್ದಾರೆ!

ಲಂಡನ್ ಮಿಶನ್ನಿನ ಕೆಲಸವು ಬಹುಕಾಲ ಪೇಟೆಯ ಮತ್ತು ದಂಡಿನ ಕೆಲಸವೇ ಆಗಿದ್ದಿತು. ಟೇಲರನ ತರುವಾಯ ವಿಲಿಯಂ ಬೈನನ್, ಜೇಮ್ಸ್ ಸ್ಮಿತ್ ಮೊದಲಾದವರು ಅದನ್ನು ನಡೆಸಿದರು. 1832ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಇಂಗ್ಲಿಷ್ ಶಾಲೆಯು ಈ ಇಬ್ಬರ ಹೆಸರನ್ನು ಹೊತ್ತು ಬೈನನ್-ಸ್ಮಿತ್ ಶಾಲೆಯೆಂದು ಪ್ರಸಿದ್ಧವಾಯಿತು. ಶಾಲೆಯಲ್ಲಿ ಕಲಿತವರಲ್ಲಿ ಹೆಚ್ಚಿನವರು ವಿದ್ಯೆಯನ್ನು ತೆಗೆದುಕೊಂಡು ಮತವನ್ನು ಅಲ್ಲಿಯೇ ಬಿಟ್ಟುಹೋದರು. ಇದು ದೇಶದ ಎಲ್ಲ ಮಿಶನ್ ಶಾಲೆಗಳಲ್ಲಿಯೂ ಕಂಡುಬಂದ ಸಂಗತಿ. ಮಳೆಗಾಲ ಕಳೆದ ಮೇಲೆ ಪಾದ್ರಿಯು ಚಕ್ಕಡಿಯಲ್ಲಿ ಡೇರೆಯನ್ನೂ ಪುಸ್ತಕಗಳನ್ನೂ ಹೇರಿಕೊಂಡು ಹಳ್ಳಿಗಳನ್ನು ಸುತ್ತುವುದು, ಸಂತೆ ಜಾತ್ರೆಗಳಲ್ಲಿ ನಿಂತು ಉಪದೇಶ ಮಾಡುವುದು, ಇದೇ ಗ್ರಾಮಗಳೊಡನೆ ಅವರಿಗಿದ್ದ ಸಂಬಂಧ. ಫಲವು ಎಣಿಕೆಗೆ ಸಿಕ್ಕುವಷ್ಟೂ ಇರಲಿಲ್ಲ. 1876ರಿಂದ 1878ರವರೆಗಿನ ಘೋರ ಕ್ಷಾಮವು ಕಲಾದಗಿ, ಬೆಳಗಾವಿ, ಧಾರವಾಡಗಳನ್ನು ಹಾಳುಗೆಡಹಿತು. ಈ ಕ್ಷಾಮದಲ್ಲಿ ಅನಾಥಾಲಯಗಳು ಹುಟ್ಟಿ ಮೈಸೂರು ಸೀಮೆಯಲ್ಲಿ ಸಭೆಗಳು ಬೆಳೆದಂತೆ ಬೈಲಹೊಂಗಲದ ಕಡೆ ಬೆಳೆಯಲಿಲ್ಲ.

ಆದರೆ ಆ ಎಂಬತ್ತುನಾಲ್ಕು ವರ್ಷಗಳು ನಿಷ್ಫಲವಾದುವೆಂದು ಹೇಳುವಂತಿಲ್ಲ. ಗ್ರಾಮಸಭೆಯು ಹುಟ್ಟುವ ಮೊದಲೇ ಅದಕ್ಕೆ ಬೇಕಾದ ಭಾಷೆಯು ಸಿದ್ಧವಾದುದು ಆ ಕಾಲದಲ್ಲಿಯೇ. ಹ್ಯಾಂಡ್ಸ್ ಮತ್ತು ಅವನ ಜೊತೆಯವರು ಬಳ್ಳಾರಿಯಲ್ಲಿ ಕ್ರೈಸ್ತವೇದವನ್ನು ಕನ್ನಡಿಸಿ 1831ರ ಹೊತ್ತಿಗೆ ಪೂರ್ತಿಯಾಗಿ ಅಚ್ಚುಹಾಕಿಸಿದರು. ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಪ್ರಕಟಿಸಿದನು. ಆಮೇಲೆ ಮೋಗ್ಲಿಂಗ್, ವೈಗಲ್ ಮೊದಲಾದ ಬಾಸೆಲ್ ಮಿಶನ್ನಿನ ಪಂಡಿತರ ಕೈ ಇದರಲ್ಲಿ ಸೇರಿತು. ಮೋಗ್ಲಿಂಗನು 1843ರಲ್ಲಿ ಮಂಗಳೂರಿನಲ್ಲಿ ತೊಡಗಿದ 'ಮಂಗಳೂರ ಸಮಾಚಾರ'ವು ಮರುವರ್ಷ ಬಳ್ಳಾರಿಯ ಮುದ್ರಣಾಲಯಕ್ಕೆ ಹೋಗಿ 'ಕಂನಡ ಸಮಾಚಾರ'ವಾದುದೇ ಈ ಎರಡು ಸಂಘಗಳ ಸ್ನೇಹಕ್ಕೆ ಸಾಕ್ಷಿ.

ಹೀಗೆ ಹುಟ್ಟಿದ ಭಾಷೆಯು ವಿಚಾರಕ್ಕೆ ಯೋಗ್ಯವಾದುದು. ಕ್ರೈಸ್ತರ ಗ್ರಂಥಕ್ಕೆ 'ಸತ್ಯವೇದ'ವೆಂದು ಹೆಸರು. ವೇದವೆಂಬ ಮಾತನ್ನು ಬಿಡಲಾರದೆ, ಹಾಗೆಯೇ ಇಡಲೂ ಆರದೆ, ಒಂದು ವಿಶೇಷಣವನ್ನು ಸೇರಿಸಿದರು. ಆ ವಿಶೇಷಣದಲ್ಲಿ ಒಂದು ವಾದವೇ ಅಡಗಿದೆ. ನೀರಿನ ಸಂಸ್ಕಾರವು 'ದೀಕ್ಷಾಸ್ನಾನ'. ವೈದಿಕರಲ್ಲಿ ಯಜ್ಞಕ್ಕೆ ತೊಡಗುವವನಿಗೆ ದೀಕ್ಷೆ, ಯಜ್ಞಾಂತ್ಯದಲ್ಲಿ ಅವಭೃಥಸ್ನಾನ, ವೀರಶೈವರಲ್ಲಿ ಲಿಂಗದೀಕ್ಷೆ. ಆದಿಯ ದೀಕ್ಷೆಯನ್ನೂ ಅಂತ್ಯದ ಸ್ನಾನವನ್ನೂ ಒಂದೇ ಸಮಾಸದಲ್ಲಿ ಕಟ್ಟಿದವರಿಗೆ ಯಾವನೋ ಒಬ್ಬ ಶಾಸ್ತ್ರಿಯ ನೆರವು ಇದ್ದಿತೆಂಬುದರಲ್ಲಿ ಸಂದೇಹ ಕಾಣದು. 'ಸುವಾರ್ತೆ', 'ಕೃಪೆ', 'ಪ್ರಾಯಶ್ಚಿತ್ತ', 'ಸಭಾಪಾಲಕ' ಇವೆಲ್ಲವೂ ಸಂಸ್ಕೃತದಿಂದ ಬಂದುವು. 'ಪಾದ್ರಿ' ಎಂಬುದೊಂದು ಮಾತ್ರ ಪೋರ್ತುಗೀಸರಿಂದ ಬಂದು, ಗೋವೆಯ ಘಟ್ಟ ಹತ್ತಿ, ಯಾವ ಸಭೆಯವರಾದರೂ ಸರಿ ಅವರಿಗೆಲ್ಲ ಸಲ್ಲುವಂತಾಯಿತು. ವೇದಾಧ್ಯಯನಕ್ಕೆ ಅಧಿಕಾರವಿಲ್ಲವೆಂದು ಶಾಸ್ತ್ರವು ಹೊರಗೆ ನಿಲ್ಲಿಸಿದ ಕೇರಿಯಲ್ಲಿ, ದೀಕ್ಷೆ, ಕೃಪೆ, ಪ್ರಾಯಶ್ಚಿತ್ತಗಳೆಂಬ ಶಬ್ದಗಳು ಭಾನುವಾರ ಭಾನುವಾರ ಮಕ್ಕಳ ಬಾಯಲ್ಲಿ ನುಡಿಯಲ್ಪಡತೊಡಗಿದುವು. ಸಂಸ್ಕೃತಜ್ಞರು ಇದರ ಬಗ್ಗೆ ಸಂತೋಷಪಡುವರೋ ನಾಚುವರೋ ಅವರವರ ಮನಸ್ಸಿಗೆ ಬಿಟ್ಟ ವಿಷಯ.

ಇನ್ನು 1904ರ ಸಂಗತಿ. ಆ ವರ್ಷ ಲಂಡನ್ ಮಿಶನ್ನಿನವರು ಬೆಳಗಾವಿಯ ತಮ್ಮ ಕೆಲಸವನ್ನು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಗೆ ಒಪ್ಪಿಸಿ ಹಿಂದೆ ಸರಿದರು. ಈ ಸಭೆಯವರು 1856ರಲ್ಲಿ ವಿಲಿಯಂ ಬಟ್ಲರನ ಮೂಲಕ ಉತ್ತರದ ಬರೇಲಿಗೆ ಬಂದವರು. 1870ರಿಂದ ಮುಂದೆ ವಿಲಿಯಂ ಟೇಲರ್ ಎಂಬ ಉಪದೇಶಕನು (ಬೆಳಗಾವಿಯ ಮೊದಲಿನ ಟೇಲರನಿಗೂ ಇವನಿಗೂ ಸಂಬಂಧವಿಲ್ಲ) ಮುಂಬಯಿ, ಮದ್ರಾಸು, ಬೆಂಗಳೂರುಗಳಲ್ಲಿ ಸಂಚರಿಸಿ ಸಭೆಗಳನ್ನು ಸ್ಥಾಪಿಸಿದನು. 1876ರಲ್ಲಿ ಅವರ ದಕ್ಷಿಣ ಭಾರತದ ವಾರ್ಷಿಕ ಪರಿಷತ್ತು ಏರ್ಪಟ್ಟಿತು. ಮೈಸೂರು ಸೀಮೆಯಲ್ಲಿ ಇದಕ್ಕೂ ಮೊದಲೇ, 1821ರಿಂದ ಬೆಂಗಳೂರಿನಲ್ಲಿಯೂ 1837ರಿಂದ ಗುಬ್ಬಿಯಲ್ಲಿಯೂ, ಕೆಲಸ ಮಾಡಿದ ವೆಸ್ಲಿಯನ್ ಮಿಶನ್ನಿನವರು ಇಂಗ್ಲೆಂಡಿನ ಶಾಖೆಯವರು. ಬೆಳಗಾವಿ, ಬೀದರ, ಕೋಲಾರಗಳವರು ಅಮೆರಿಕದ ಶಾಖೆಯವರು. ಗುಬ್ಬಿಗೂ ಬೈಲಹೊಂಗಲಕ್ಕೂ ವೆಸ್ಲಿಯು ಮೂಲಪುರುಷನೆಂಬುದನ್ನು ಬಿಟ್ಟರೆ ಬೇರೆ ನಂಟಿಲ್ಲ.

ಅಮೆರಿಕದವರು ತಂದುದು ಹೊಸ ಸಿದ್ಧಾಂತವಲ್ಲ, ಹೊಸ ವ್ಯವಸ್ಥೆ. ವೆಸ್ಲಿಯು 1742ರಲ್ಲಿ ಬ್ರಿಸ್ಟಲ್ ನಗರದಲ್ಲಿ ಸಾಲ ತೀರಿಸುವುದಕ್ಕಾಗಿ ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ಒಬ್ಬ ಮುಖಂಡನು ವಾರಕ್ಕೊಂದು ಪೆನ್ನಿಯಂತೆ ಎತ್ತಬೇಕೆಂದು ಏರ್ಪಡಿಸಿದನು. ಹಣ ಎತ್ತಲು ಮನೆಮನೆಗೆ ಹೋದ ಮುಖಂಡನು ಆ ಮನೆಯವರ ನಡತೆಯನ್ನೂ ವಿಚಾರಿಸುವವನಾದನು. ಹೀಗೆ ಸಾಲದಿಂದ ಹುಟ್ಟಿದ ಏರ್ಪಾಡೇ ಮೆಥೊಡಿಸ್ಟರ ಬೆನ್ನೆಲುಬಾಯಿತು. ಹಲವು ಹಳ್ಳಿಗಳು ಸೇರಿ ಒಂದು ಸರ್ಕ್ಯೂಟು. ಹಲವು ಸರ್ಕ್ಯೂಟುಗಳು ಸೇರಿ ಒಂದು ಜಿಲ್ಲೆ. ಅದರ ಮೇಲೆ ಸುಪರಿಂಟೆಂಡೆಂಟನು. ವರ್ಷಕ್ಕೊಮ್ಮೆ ಪರಿಷತ್ತು ಕೂಡಿ ಬಿಷಪನು ಯಾವ ಬೋಧಕನು ಯಾವ ಊರಿಗೆಂದು ಓದಿಹೇಳುವನು. ಬೋಧಕನು ಒಂದೇ ಊರಿನಲ್ಲಿ ಬೇರೂರಬಾರದು. ಈ ಸೀಮೆಯ ಜನಕ್ಕೆ ಇದನ್ನು ತಿಳಿಸುವುದು ಕಷ್ಟವಲ್ಲ: ಸ್ಥಿರಪಟ್ಟದ ಸ್ವಾಮಿಗಳೂ ಚರಮೂರ್ತಿಗಳೂ ಇಲ್ಲಿ ಎಂದಿನಿಂದಲೂ ಇರುವರು, ಮೆಥೊಡಿಸ್ಟ್ ಬೋಧಕನು ಚರನು. ಬೈಲಹೊಂಗಲವು ಇಂಥ ಒಂದು ಸರ್ಕ್ಯೂಟಿನ ನಡುವೂರಾಯಿತು.

ಹಳ್ಳಿಯ ಸಭೆ ಹುಟ್ಟಿದುದು ಈ ವ್ಯವಸ್ಥೆಯ ಒಳಗೆ. ಅದು ಪೇಟೆಯ ಅಗ್ರಹಾರದಲ್ಲಿಯೂ ಹುಟ್ಟಲಿಲ್ಲ, ಲಿಂಗಾಯತರ ಓಣಿಯಲ್ಲಿಯೂ ಹುಟ್ಟಲಿಲ್ಲ. ಹೊಲೆಯರ ಮತ್ತು ಮಾದಿಗರ ಕೇರಿಗಳಲ್ಲಿ ಹುಟ್ಟಿತು. ಇಲ್ಲಿ ಮತಾಂತರವು ಒಬ್ಬೊಬ್ಬನ ವಿಚಾರದಿಂದ ನಡೆದುದಲ್ಲ. ಮನೆತನಗಳು, ಕೆಲವೆಡೆ ಕೇರಿಗಳೇ, ಹಿರಿಯರ ಮಾತಿನಂತೆ ಕೂಡಿ ಬಂದುವು. ಅನ್ನಕ್ಕಾಗಿ ಬಂದರೆಂದು ಹೇಳುವ ಮಾತು ಆಗಲೂ ಇದ್ದಿತು, ಈಗಲೂ ಉಂಟು. ಈ ಆಕ್ಷೇಪವನ್ನು ಎತ್ತುವವರು ಎರಡನ್ನು ಯೋಚಿಸಬೇಕು. ಮೊದಲನೆಯದಾಗಿ, ಕೇರಿಯವನಿಗೆ ಊರಿನಲ್ಲಿ ಆಯವಿದ್ದಿತು. ಸತ್ತ ದನವನ್ನು ಎಳೆಯುವುದು, ಹಲಗೆ ಬಾರಿಸುವುದು, ಓಲೆ ಒಯ್ಯುವುದು, ಇದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಜೋಳ ಪಡೆಯುವುದು. ದೇವಿಯ ಮುಂದೆ ಹಲಗೆ ಬಾರಿಸೆನೆಂದವನು ಆ ಜೋಳವನ್ನೂ ಪಣಕ್ಕೊಡ್ಡಬೇಕಾಗಿದ್ದಿತು. ಎರಡನೆಯದಾಗಿ, ಸಭೆಯು ಕೊಟ್ಟುದೇನೆಂದರೆ ಬಹುಮಟ್ಟಿಗೆ ಒಬ್ಬ ಬೋಧಕ. ಅವನೇ ಮಾಸ್ತರ, ಅವನೇ ಅರ್ಜಿ ಬರೆಯುವವನು, ಅವನೇ ಜ್ವರಕ್ಕೆ ಮದ್ದು ಕೊಡುವವನು. ಅವನ ಮನೆಯ ಪಡಸಾಲೆಯೇ ಹಗಲು ಶಾಲೆ, ರಾತ್ರಿ ದೇವಾಲಯ. ಊರ ಶಾಲೆಯಲ್ಲಿ ಹೊರಜಗಲಿಯೂ ದೊರೆಯದ ಹುಡುಗನಿಗೆ ಇವನು ಅಕ್ಷರ ಕಲಿಸಿದನು. ಅಕ್ಷರವೇ ಅನ್ನವೆಂದರೆ ಆಕ್ಷೇಪವು ಸರಿಯೇ.

ಸವದತ್ತಿಯು ಹತ್ತಿರವಿದ್ದುದರಿಂದ ಇನ್ನೊಂದು ವಿಷಯವು ಇಲ್ಲಿ ವಿಶೇಷವಾಗಿ ಪ್ರಸಕ್ತವಾಗುತ್ತದೆ. ಹರಕೆಯೆಂದು ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಎಲ್ಲಮ್ಮನಿಗೆ ಬಿಡುವ ರೂಢಿಗೆ ಹೆಚ್ಚಾಗಿ ಗುರಿಯಾದವರು ಈ ಕೇರಿಗಳ ಹೆಣ್ಣುಮಕ್ಕಳೇ. ದೀಕ್ಷಾಸ್ನಾನ ಪಡೆದ ಮನೆಗೆ ಇದು ನಿಷಿದ್ಧವಾಯಿತು. ಮುಂಬಯಿ ಸರಕಾರವು ದೇವದಾಸಿ ರಕ್ಷಣೆಯ ಕಾಯಿದೆಯನ್ನು ಮಾಡಿದುದು 1934ರಲ್ಲಿ. ಕರ್ನಾಟಕ ಸರಕಾರವು ಮುತ್ತು ಕಟ್ಟುವುದನ್ನೇ ನಿಷೇಧಿಸಿ ಕಾಯಿದೆ ಮಾಡಿದುದು 1982ರಲ್ಲಿ. ಕೇರಿಯ ಸಣ್ಣ ಸಭೆಯ ನಿಯಮವು ಎರಡು ಕಾಯಿದೆಗಳಿಗೂ ಹಿಂದಿನದು. ನಿಯಮವು ಎಲ್ಲ ಮನೆಗಳಲ್ಲಿಯೂ ನಡೆಯಿತೆಂದು ಹೇಳಲಾಗದು. ಗುಡ್ಡದ ದೇವಿಯ ಭಯವು ಒಂದು ತಲೆಮಾರಿನಲ್ಲಿ ಹೋಗತಕ್ಕದ್ದಲ್ಲ. ಬನದ ಹುಣ್ಣಿಮೆಗೆ ಗುಡ್ಡಕ್ಕೂ ಕ್ರಿಸ್ತಜಯಂತಿಗೆ ಗುಡಿಗೂ ಹೋಗುವ ಮನೆಗಳನ್ನು ಬೋಧಕರು ಗದರಿಸಿಯೂ ಇರುವರು, ಕಂಡೂ ಕಾಣದಂತೆ ಬಿಟ್ಟೂ ಇರುವರು.

ಪೂಜೆಯ ರೀತಿಯಲ್ಲಿ ಹಳೆಯದೂ ಹೊಸದೂ ಹೊಂದಿಕೊಂಡುವು. ಇಂಗ್ಲಿಷ್ ರಾಗಗಳ ಕೀರ್ತನೆಗಳ ಜೊತೆಗೆ ತಾಳ, ಪೇಟಿಗಳೊಡನೆ ಭಜನೆಯ ಮಟ್ಟುಗಳು ನಿಂತುವು. ಸುಗ್ಗಿಯಾದ ಮೇಲೆ ಜೋಳ, ಕಡಲೆ, ಕೋಳಿ, ಕುಂಬಳಕಾಯಿಗಳನ್ನು ತಂದು ವೇದಿಯ ಮುಂದೆ ಇಟ್ಟು, ಆಮೇಲೆ ಸವಾಲು ಮಾಡಿ, ಬಂದ ಹಣವನ್ನು ಸಭೆಗೆ ಸೇರಿಸುವ ಸುಗ್ಗಿಯ ಹಬ್ಬವು ಎರೆಹೊಲದ ಈ ಜನಕ್ಕೆ ಬೇಗನೆ ಒಗ್ಗಿತು. ಡಿಸೆಂಬರ್ 31ರ ರಾತ್ರಿ ಎಚ್ಚರವಿದ್ದು ಪ್ರಾರ್ಥಿಸುವುದು ಮೆಥೊಡಿಸ್ಟರ ಹಳೆಯ ಪದ್ಧತಿ. ಜಾಗರಣೆಯೆಂದರೇನೆಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಮಕ್ಕಳ ಹೆಸರುಗಳು ಯೋಹಾನಪ್ಪ, ಮರಿಯವ್ವ ಎಂದಾದುವು.

ಅಲ್ಲಿಂದ ಮುಂದಿನ ರಾಜಕೀಯವನ್ನು ಸಂಕ್ಷೇಪವಾಗಿ ಹೇಳಬಹುದು. 1930ರ ಕೊನೆಯಲ್ಲಿ ಜಸವಂತರಾವ್ ಚಿತಂಬರರು ಈ ಸಭೆಯ ಮೊದಲನೆಯ ಭಾರತೀಯ ಬಿಷಪರಾಗಿ ಆರಿಸಲ್ಪಟ್ಟರು. 1939ರಲ್ಲಿ ಅಮೆರಿಕದ ಮೂರು ಮೆಥೊಡಿಸ್ಟ್ ಶಾಖೆಗಳು ಒಂದಾದುದರಿಂದ 'ಎಪಿಸ್ಕೋಪಲ್' ಎಂಬ ಮಾತು ಹೆಸರಿನಿಂದ ಬಿದ್ದುಹೋಯಿತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯು ಹುಟ್ಟಿದಾಗ ಮೈಸೂರಿನ ವೆಸ್ಲಿಯನ್ನರು ಅದರಲ್ಲಿ ಸೇರಿದರು, ಬೆಳಗಾವಿಯ ಮೆಥೊಡಿಸ್ಟರು ಸೇರಲಿಲ್ಲ; 1970ರಲ್ಲಿ ಉತ್ತರ ಭಾರತ ಸಭೆಯು ಏರ್ಪಡುವಾಗಲೂ ಈ ಸಭೆಯವರು ಕೊನೆಯ ಗಳಿಗೆಯಲ್ಲಿ ಹೊರಗೇ ಉಳಿದರು. 1981ರಲ್ಲಿ ಅಮೆರಿಕದ ಅಧೀನವನ್ನು ಬಿಟ್ಟು 'ಭಾರತದ ಮೆಥೊಡಿಸ್ಟ್ ಸಭೆ' ಎಂಬ ಹೆಸರಿನಿಂದ ಸ್ವತಂತ್ರರಾದರು. ಇಲ್ಲಿ ಒಂದು ಕೌತುಕವುಂಟು. ಬಳ್ಳಾರಿಯ ಲಂಡನ್ ಮಿಶನ್ ಸಭೆಯು, ಎಂದರೆ ಬೆಳಗಾವಿಯ ತಾಯಿಸಭೆಯು, 1908ರಲ್ಲಿ ದಕ್ಷಿಣ ಭಾರತ ಐಕ್ಯಸಭೆಗೂ ಅಲ್ಲಿಂದ 1947ರಲ್ಲಿ ದಕ್ಷಿಣ ಭಾರತ ಸಭೆಗೂ ಸೇರಿತು. 1904ರ ಹಸ್ತಾಂತರವು ನಾಲ್ಕು ವರ್ಷ ತಡವಾಗಿದ್ದರೆ ಬೈಲಹೊಂಗಲದ ಕ್ರೈಸ್ತರೂ ಇಂದು ಅದೇ ಸಭೆಯವರಾಗಿರುವ ಸಂಭವವಿದ್ದಿತು. ಮೆಥೊಡಿಸ್ಟರ ಆಡಳಿತದಲ್ಲಿರುವ ಬೆಳಗಾವಿಯ ಶಾಲೆಯು ಇಂದಿಗೂ ಮೆಥೊಡಿಸ್ಟರಲ್ಲದ ಬೈನನ್ ಮತ್ತು ಸ್ಮಿತರ ಹೆಸರಿನಿಂದಲೇ ಕರೆಯಲ್ಪಡುವುದು.

ಈ ಎಲ್ಲ ಹೆಸರುಗಳ ಬದಲಾವಣೆಗಿಂತ ಹಳ್ಳಿಯ ಸಭೆಯನ್ನು ಹೆಚ್ಚಾಗಿ ತಾಕಿದುದು 1950ರ ಒಂದು ರಾಜಾಜ್ಞೆ. ಪರಿಶಿಷ್ಟ ಜಾತಿಗಳನ್ನು ಹೆಸರಿಸಿದ ಆ ವರ್ಷದ ರಾಷ್ಟ್ರಪತಿಗಳ ಆಜ್ಞೆಯು ಹಿಂದೂಗಳಲ್ಲದವರನ್ನು ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಒಳಗೆ ಬಂದರು, ಕ್ರೈಸ್ತರು ಬರಲಿಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗಗಳ ಪ್ರವರ್ಗ ಒಂದರಲ್ಲಿ ಎಣಿಸುವರು. ಕೇರಿಯು ಅದೇ, ಬಾವಿಯ ಕಟ್ಟಳೆಯು ಬಹುಕಾಲ ಅದೇ. ಕಾಗದದಲ್ಲಿ ಮಾತ್ರ ಅಣ್ಣನೊಂದು ವರ್ಗ, ತಮ್ಮನೊಂದು ವರ್ಗ. ಇದರಿಂದ ಜನಗಣತಿಯ ಅಂಕಿಗಳನ್ನು ನಂಬಿ ಗ್ರಾಮಸಭೆಯ ಇತಿಹಾಸವನ್ನು ಬರೆಯಹೊರಡುವವನು ಮೋಸಹೋಗುವನು. ಭಾನುವಾರ ಪ್ರಾರ್ಥನಾಮಂದಿರದಲ್ಲಿ ಕೂಡುವವರೆಲ್ಲರೂ ಸರಕಾರದ ಪುಸ್ತಕದಲ್ಲಿ ಕ್ರೈಸ್ತರಾಗಿ ಕಾಣಬೇಕೆಂಬ ನಿಯಮವಿಲ್ಲ. ದೀಕ್ಷಾಸ್ನಾನದ ಪುಸ್ತಕದಲ್ಲಿ ಯೋಹಾನಪ್ಪನೆಂದಿರುವ ಹುಡುಗನು ಶಾಲೆಯ ಪುಸ್ತಕದಲ್ಲಿ ಯಲ್ಲಪ್ಪನಾಗಿರಬಹುದು. ಎರಡು ಹೆಸರುಗಳನ್ನೂ ಅವನ ತಂದೆಯೇ ಹೇಳಿ ಬರೆಸಿರುವನು.